ಸವದತ್ತಿ ಏರಿಗೊಂದು ಗೇರು

ಇಂದ್ರವ್ವ: ಗಾಡಿಗೆ ಏನೂ ಆಗಿಲ್ರಿ ಮಿಸ್ತ್ರಿ. ಚಲೋ ಐತಿ. ಬೇಕಾದ್ರ ಒಂದೊಂದು ಚಾ ಕುಡಿಸ್ರಿ, ನಾವು ಹೋಗ್ತೇವಿ.

ಹಣಮಂತಪ್ಪ: ಏರಿನ್ಯಾಗ ನಿಂತು ಹಿಂದಕ್ಕ ಸರಿಯೂ ಗಾಡಿಗೆ ಚಲೋ ಐತಿ ಅಂತಾಳ, ಕೇಳೋ ರಾಯಪ್ಪ.

ಇಂದ್ರವ್ವ: ಸರಿದ್ರ ದಿಮ್ಮಿ ಕೊಡಾಕ ನಾ ಇಲ್ಲೇನು?

ಬೈಲಹೊಂಗಲದ ಸವದತ್ತಿ ರಸ್ತೆಯ ಮೇಲೆ ರಾಯಪ್ಪನ ಗ್ಯಾರೇಜು. ಬೇವಿನ ನೆರಳಿನಲ್ಲಿ ಹಣಮಂತಪ್ಪನ ಹಳೆಯ ಆರು ಚಕ್ರದ ಲಾರಿ ನಿಂತಿತ್ತು. ಚಚಡಿಯ ಈ ಗಂಡಹೆಂಡತಿ ಇಲ್ಲಿಂದ ಬೆಲ್ಲ ಹೇರಿಕೊಂಡು ರಾಮದುರ್ಗಕ್ಕೆ ಹೋಗುವರು, ಅಲ್ಲಿಂದ ಗೋವಿನಜೋಳ ತುಂಬಿಕೊಂಡು ಮರಳುವರು. ಹೋದ ವರ್ಷ ಕ್ಲೀನರು ಕೆಲಸ ಬಿಟ್ಟ ದಿನ ‘ಇವತ್ತೊಂದು ದಿವಸ’ ಎಂದು ಲಾರಿ ಹತ್ತಿದ ಇಂದ್ರವ್ವ ಆಮೇಲೆ ಇಳಿದೇ ಇರಲಿಲ್ಲ. ಇಳಿಯುತ್ತಿದ್ದುದು ಸವದತ್ತಿಯ ಏರಿನಲ್ಲಿ ಮಾತ್ರ. ತುಂಬಿದ ಲಾರಿ ಏದುಸಿರು ಬಿಡುತ್ತ ತೆವಳುವಾಗ ಆಕೆ ಜಾಲಿಯ ದಿಮ್ಮಿ ಹೊತ್ತು ಹಿಂದೆ ನಡೆಯುವಳು. ಲಾರಿ ನಿಂತರೆ ಚಕ್ರಕ್ಕೆ ದಿಮ್ಮಿ ಕೊಡುವಳು.

ಈಗ ಹಣಮಂತಪ್ಪ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನ ಗೇರು ಬದಲಿಸಿ, ಲಾರಿಯ ಎಳೆತ ಹೆಚ್ಚಿಸಲು ಹೊರಟಿದ್ದ. ಮುಂಜಾನೆ ಆತ ತಾಯಿ ಮರೆವ್ವನಿಗೆ ಹೇಳಿದ ಮಾತು ಇಂದ್ರವ್ವನ ಕಿವಿಗೆ ಬಿದ್ದಿತ್ತು: ‘ಗೇರ್ ಬದಲಿ ಮಾಡಿಸಿದ ಮ್ಯಾಲ ಇಂದ್ರಾ ಮನ್ಯಾಗ ಇರತಾಳ.’ ಮರೆವ್ವ ಅಲ್ಲಿಯೇ ಮನೆಯ ಎರಡೂ ಎಮ್ಮೆಗಳ ಚಾಕರಿಯನ್ನು ಸೊಸೆಯ ಪಾಲಿಗೆ ಹಚ್ಚಿದ್ದಳು.

ರಾಯಪ್ಪ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಸರಿದ. ಅವನ ಮಾತು ಅಲ್ಲಿಂದಲೇ ಬರತೊಡಗಿತು.

ರಾಯಪ್ಪ: ಕ್ರೌನು, ಪಿನಿಯನ್ನು ಎರಡೂ ಗೇರು ಬದಲಿಸಿದ್ರ ಎಳೀತೈತಿ. ಆದ್ರ ತುಟ್ಟಿ.

ಹಣಮಂತಪ್ಪ: ಎರಡರಾಗ ಸಣ್ಣದು ಯಾವುದು?

ರಾಯಪ್ಪ: ಪಿನಿಯನ್ನು.

ಹಣಮಂತಪ್ಪ: ಅದೊಂದ ಹಾಕು.

ರಾಯಪ್ಪ: ಹಂಗ ಬರೂದಿಲ್ಲೋ. ಅವು ಜೋಡಿ. ಒಂದಕ್ಕೊಂದು ಉಜ್ಜಿ, ಹಲ್ಲು ಕೂಡಿಸಿ ಕಳಿಸಿರತಾರ. ಒಂದನ್ನ ಬದಲಿಸಿದ್ರ ಇನ್ನೊಂದು ದಾರಿ ತುಂಬ ಒದರತೈತಿ.

ಇಂದ್ರವ್ವ: ಕೇಳಿಸ್ತೋ ಇಲ್ಲೋ? ಒಂದನ್ನ ಮನ್ಯಾಗ ಕುಂಡ್ರಿಸಿ ಇನ್ನೊಂದನ್ನ ಅಷ್ಟ ರಸ್ತಾಕ್ಕ ಬಿಟ್ರ ನಡಿಯಂಗಿಲ್ಲ.

ಹಣಮಂತಪ್ಪ: ಕ್ರೌನ್ ಯಾಕ ಮನ್ಯಾಗ ಕುಂಡ್ರತೈತಿ?

ಇಂದ್ರವ್ವ: ಅದನ್ನ ಕ್ರೌನಿಗೇ ಕೇಳ್ರಿ.

ಹಣಮಂತಪ್ಪ ಬಗ್ಗಿ ಹೌಸಿಂಗಿನ ಕಡೆ ನೋಡಿದ. ಅದು ಎಣ್ಣೆ ಜಿನುಗಿಸುತ್ತ ಸುಮ್ಮನಿತ್ತು.

ರಾಯಪ್ಪ: ಸೋವಿ ದಾರಿ ಬೇಕಂದ್ರ ಇಡೀ ಹೌಸಿಂಗ್ ಹಳೇದು ತರೂಣು. ಕಿತ್ತೂರ ಕಡೆ ಗುಜರಿಯಾಗ ಒಂದು ಬಂದೈತಿ. ಕಲ್ಲು ಹೇರೂ ಟಿಪ್ಪರಿಂದು. ಗ್ವಾಡಿ ತೋರಿಸಿದ್ರ ಗ್ವಾಡೀನೂ ಹತ್ತತೈತಿ.

ಇಂದ್ರವ್ವ: ಅಂಥಾ ಟಿಪ್ಪರ್ ಗುಜರಿಗೆ ಯಾಕ ಬಂತ್ರಿ?

ರಾಯಪ್ಪ: ಪಲ್ಟಿ ಆಗಿತ್ರಿ ವೈನಿ.

ಇಂದ್ರವ್ವ: ಶಿವಶಿವಾ! ಡ್ರೈವರ್?

ರಾಯಪ್ಪ: ಆರಾಮ ಅದಾನ. ದೇಗಾಂವದ ಗುಡಿ ಮುಂದ ಕಾಯಿ ಮಾರತಾನ.

ಇಂದ್ರವ್ವ: ಸ್ಟೇರಿಂಗ್ ಬಿಟ್ಟು ಕಾಯಿ ಹಿಡದಾನಂದ್ರ ಎಷ್ಟು ಅಂಜಿರಬೇಕು! ಬ್ಯಾಡ.

ಹಣಮಂತಪ್ಪ: ಪಲ್ಟಿ ಮಾಡಿದಾಂವ ಡ್ರೈವರು. ಹೌಸಿಂಗ್ ಏನ್ ಮಾಡೀತು?

ಇಂದ್ರವ್ವ: ಸುಮ್ನ ನೋಡ್ಕೋತ ಇತ್ತಲ್ಲ.

ರಾಯಪ್ಪ: ವೈನಿ, ಅದು ಗಾಡಿ ಕೆಳಗ ಇರತೈತಿ. ಅದಕ್ಕೇನೂ ಕಾಣೂದಿಲ್ಲ.

ಇಂದ್ರವ್ವ: ಪಲ್ಟಿ ಆದಾಗ ಮ್ಯಾಲ ಬಂದಿರತೈತಿ. ಆವಾಗ ಎಲ್ಲಾ ಕಂಡಿರತೈತಿ.

ಲಾರಿಯ ಕೆಳಗೆ ಪಾನಾದ ಸದ್ದು ನಿಂತಿತು.

ಇಂದ್ರವ್ವ ಬೇವಿನ ಬುಡಕ್ಕೆ ಕುಳಿತಳು. ಸವದತ್ತಿ ಏರಿನ ತಿರುವಿನಲ್ಲಿ ನವಿಲುತೀರ್ಥ ಅಣೆಕಟ್ಟಿನ ನೀರು ಒಮ್ಮೆಲೇ ಕಾಣುತ್ತದೆ, ಒಣಹಾಕಿದ ಸೀರೆಯ ಅಂಚಿನಷ್ಟೇ. ಅಲ್ಲಿಗೆ ಬಂದಾಗಲೆಲ್ಲ ಆಕೆ ‘ನೀರು ಕಂಡ್ತು’ ಎಂದು ಹಿಂದಿನಿಂದ ಕೂಗುವಳು. ಮನೆಯಲ್ಲಿ ‘ಉಪ್ಪು ಕಡಿಮಿ ಆಗೈತಿ’ ಎನ್ನುವುದಕ್ಕಿಂತ ಉದ್ದದ ಮಾತು ಆಡದ ಗಂಡ ಕಿಟಕಿಯಿಂದ ಕೈ ಹೊರಹಾಕಿ ‘ಕಂಡ್ತು, ಕಂಡ್ತು’ ಎನ್ನುವನು. ಎಮ್ಮೆಗಳಿಗೆ ನೀರು ತೋರಿಸಿದರೆ ಅವು ಕುಡಿದುಬಿಡುತ್ತವೆ, ಅಷ್ಟೇ.

ಇಂದ್ರವ್ವ: ಗಾಡಿ ಹೊಡಿಯುವಾಗ ನೀವ ಹೇಳಿದ್ರಿ, ಎಲ್ಲಾ ಗೇರಿನಕಿಂತ ರಿವರ್ಸಿಗೆ ಎಳೆತ ಹೆಚ್ಚ ಅಂತ. ಏರು ಬಂದ ಕೂಡಲೇ ಗಾಡಿ ತಿರುಗಿಸಿ ರಿವರ್ಸಿನ್ಯಾಗ ಹತ್ರಿ. ಪೈಸಾ ಖರ್ಚಿಲ್ಲ. ಹಿಂದ ನೋಡಿ ಹೇಳಾಕ ನಾ ಇರತೇನಿ.

ರಾಯಪ್ಪ: ರಾಮದುರ್ಗದಾಂವ ಒಬ್ಬ ಹಂಗ ಹತ್ತಿದ್ದ.

ಹಣಮಂತಪ್ಪ: ಏನಾತು?

ರಾಯಪ್ಪ: ಹತ್ತಿದ. ಎದುರಿಗೊಂದು ಬಸ್ಸು ಇಳಿಯಾಕ ಹತ್ತಿತ್ತು. ಲಾರಿ ಬೆನ್ನು ನೋಡಿ, ‘ಇಂವನೂ ಇಳಿಯಾಕ ಹತ್ಯಾನ, ಹೋಗಲಿ’ ಅಂತ ಬಸ್ಸಿನಾಂವ ಬ್ರೇಕ್ ಹಾಕಿ ನಿಂತ. ನಿಂತ್ರೂ ಲಾರಿ ಹತ್ತರ ಹತ್ತರ ಬಂತು. ತನ್ನ ಬ್ರೇಕ್ ಫೇಲಾತು ಅಂತ ಬಸ್ ಬಿಟ್ಟು ಜಿಗದ.

ಹಣಮಂತಪ್ಪ: ಇದು ಬ್ಯಾಡ. ಇನ್ನೊಂದು ಹೇಳು.

ರಾಯಪ್ಪ: ಹಂಗಾರ ಟಾಯರ್. ಮುಂದಿನ ತಿಂಗಳು ಹೆಂಗೂ ಬದಲಿಸಾವ ಇದ್ದಿ. ಅದ ರಿಮ್ಮಿಗೆ ಒಂದು ಸೈಜ್ ಗಿಡ್ಡ ಹಾಕು. ಚಕ್ರ ಸಣ್ಣದಾದ್ರ ಗೇರು ಬದಲಿ ಮಾಡಿದಂಗ. ಸಪಾಟ ರಸ್ತಾದಾಗ ಓಟ ಕಡಿಮಿ, ಏರಿನ್ಯಾಗ ಎಳೆತ ಹೆಚ್ಚ. ಕ್ರೌನಿನಷ್ಟು ಫರಕ ಬೀಳೂದಿಲ್ಲ. ಆದ್ರೂ ಒಂದೀಟು ಬೆಲ್ಲ ಕಡಿಮಿ ಹೇರಿದಿ ಅಂದ್ರ ನಿಲ್ಲದ ಹತ್ತತಿ.

ಹಣಮಂತಪ್ಪ: ದಿಮ್ಮಿ ಬೇಕಾಗೂದಿಲ್ಲ?

ರಾಯಪ್ಪ: ಒಲಿಗೆ ಹಾಕು.

ಇಂದ್ರವ್ವ ಟಾಯರಿನ ಉಪಾಯದಲ್ಲಿ ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ಎದ್ದು ಸೆರಗು ಸರಿಪಡಿಸಿಕೊಂಡಳು.

ಇಂದ್ರವ್ವ: ಹಾಕಿಸ್ರಿ. ನಾ ಎಮ್ಮಿ ನೋಡ್ಕೋತೇನಿ.

ಹಣಮಂತಪ್ಪ: ಟಾಯರಿನ ನಡುವ ಎಮ್ಮಿ ಎಲ್ಲಿಂದ ಬಂತು?

ಇಂದ್ರವ್ವ: ಮುಂಜಾನೆ ನಿಮ್ಮವ್ವಗ ಹೇಳಿದ್ರಲ್ಲ. ದಿಮ್ಮಿ ಬ್ಯಾಡಾದ್ರ ದಿಮ್ಮಿ ಹಿಡಿಯಾಕಿನೂ ಬ್ಯಾಡ.

ಹಣಮಂತಪ್ಪ ಟವೆಲ್ ಬಿಚ್ಚಿ ಬೆವರಿಲ್ಲದ ಮುಖವನ್ನು ಒರೆಸಿಕೊಂಡ.

ಹಣಮಂತಪ್ಪ: ನಾ ಹಂಗ ಅಂದಿಲ್ಲ. ಮನ್ಯಾಗ ಆರಾಮ ಇರಲಿ ಅಂದೆ. ಬಿಸಿಲಾಗ ನೀ ದಿಮ್ಮಿ ಹೊತ್ತು ನಡಿಯೂದನ್ನ ನಾ ಬಲಗಡೆ ಕನ್ನಡ್ಯಾಗ ನೋಡ್ಕೋತ ಗಾಡಿ ಹೊಡಿಬೇಕು. ನೀ ಒಂದು ಮಾರು ಹಿಂದ ಬಿದ್ರ ನನ್ನ ಕಾಲು ತಾನ ಎಕ್ಸಿಲೇಟರ್ ಬಿಡತೈತಿ.

ರಾಯಪ್ಪನ ತಲೆ ಲಾರಿಯ ಕೆಳಗಿನಿಂದ ಹೊರಗೆ ಬಂತು. ಉಳಿದ ಮೈ ಅಲ್ಲಿಯೇ ಇತ್ತು.

ರಾಯಪ್ಪ: ಏರಿನ್ಯಾಗ ಎಕ್ಸಿಲೇಟರ್ ಬಿಡತಿ?

ಹಣಮಂತಪ್ಪ: ನಾ ಬಿಡೂದಿಲ್ಲ. ಕಾಲು ಬಿಡತೈತಿ.

ರಾಯಪ್ಪ: ಮೊದಲಿನ ಕ್ಲೀನರ್ ಇದ್ದಾಗ ಗಾಡಿ ನಿಲ್ತಿತ್ತೇನು?

ಹಣಮಂತಪ್ಪ: ಇಲ್ಲ.

ರಾಯಪ್ಪ: ಅಂವ ಹಿಂದ ನಡೀತಿದ್ನೇನು?

ಹಣಮಂತಪ್ಪ: ಅಂವ ಮಲಗಿರತಿದ್ದ.

ರಾಯಪ್ಪ: ವೈನಿ, ಮೊದಲನೇ ದಿವಸ ನೀವು ಯಾಕ ಇಳದ್ರಿ?

ಇಂದ್ರವ್ವ: ಗಾಡಿ ಅಷ್ಟು ಏದುಸಿರು ಬಿಡಾಕ ಹತ್ತಿತ್ತು. ನನ್ನ ಭಾರರ ಕಡಿಮಿ ಆಗಲಿ ಅಂತ ಇಳದೆ.

ರಾಯಪ್ಪ ಪೂರ್ತಿ ಹೊರಗೆ ಬಂದು ಗೋಣಿಚೀಲ ಜಾಡಿಸಿ ಮಡಿಚಿದ.

ರಾಯಪ್ಪ: ಎಲ್ಲಾಕಿಂತ ಸೋವಿ ದಾರಿ ಹೇಳತೇನಿ. ವೈನಿ ಒಳಗ ಕುಂಡ್ರಲಿ. ಗೇರು ಬದಲಿ ಆದಂಗ.

ಇಂದ್ರವ್ವ ಕಾಲಿನ ಹೆಬ್ಬೆರಳಿನಿಂದ ಮಣ್ಣು ಗೀರಿದಳು. ಹಣಮಂತಪ್ಪ ದಿಮ್ಮಿಯನ್ನು ಎತ್ತಿ ಲಾರಿಯ ಹಿಂಭಾಗದೊಳಗೆ ಒಗೆದ.

ರಾಯಪ್ಪ: ಹಂಗಾರ ನನಗ ಇವತ್ತು ಕೆಲಸಿಲ್ಲ. ಎಡಗಡೆ ಕನ್ನಡಿ ಒಡದೈತಿ, ಅದನ್ನರ ಹಾಕ್ಲ್ಯಾ?

ಇಂದ್ರವ್ವ ಮಣ್ಣು ಗೀರುವುದನ್ನು ಬಿಟ್ಟು ತಲೆ ಎತ್ತಿದಳು. ಒಂದು ವರ್ಷದಿಂದ ಆ ಕನ್ನಡಿಯ ಕೆಲಸವನ್ನು ಆಕೆಯೇ ಮಾಡುತ್ತಿದ್ದಳು.

ಹಣಮಂತಪ್ಪ: ಅದನ್ನ ಮುಟ್ಟಬ್ಯಾಡ. ಎಡಗಡೆ ನೋಡಾಕ ನನ್ನ ಮಂದಿ ಅದಾರ. ಅವ್ವಗ ನಾ ಹೇಳತೇನಿ, ಎಮ್ಮಿ ಆಕೀನ ನೋಡ್ಕೋಲಿ.

ಇಂದ್ರವ್ವ ಕ್ಯಾಬಿನ್ ಹತ್ತಿ ಎಡಗಿಟಕಿಗೆ ಕುಳಿತಳು. ಹಣಮಂತಪ್ಪ ಲಾರಿ ಚಾಲು ಮಾಡಿ ರಿವರ್ಸ್ ಹಾಕಿದ.

ಇಂದ್ರವ್ವ: ಬರ್ರಿ... ಬರ್ರಿ... ಇನ್ನೊಂದೀಟು ಬರ್ರಿ...

ಹಿಂದೆ ತಗಡಿನ ಸದ್ದಾಯಿತು. ರಾಯಪ್ಪನ ಎಣ್ಣೆಯ ಡಬ್ಬಿ ಚಕ್ರದ ಕೆಳಗೆ ರೊಟ್ಟಿಯಾಗಿತ್ತು.

ರಾಯಪ್ಪ: ವೈನಿ! ಎಡಗಡೆ ನೋಡೂದು ಬಿಟ್ಟು ಯಾರನ್ನ ನೋಡಾಕ ಹತ್ತಿದ್ರಿ?

ಇಂದ್ರವ್ವ ಗಂಡನ ಮುಖದಿಂದ ಕಣ್ಣು ಕಿತ್ತು ಕಿಟಕಿಯಿಂದ ಹೊರಗೆ ಬಾಗಿದಳು.

ಇಂದ್ರವ್ವ: ಹೌದ್ರಿ ಮಿಸ್ತ್ರಿ, ಡಬ್ಬಿ ಈಗ ಕಂಡ್ತು.