ಈ ಚಿಟ್ಟೆ ಯಾರ ಸೊಂಟ?

ಟೇಲರ್ ಮಗಳಿಗೆ ಕತ್ತರಿ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಎಂಬ ದೃಢ ನಂಬಿಕೆ ನನಗಿತ್ತು. ನಮ್ಮವ್ವ ಕೊಡಿಗೇಹಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನಾನು ಹೆಬ್ಬಾಳದ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತೇನೆ, ಅಂದರೆ ಮೊಬೈಲ್ ನೋಡುತ್ತೇನೆ. ಹಾಗೆ ನೋಡುವಾಗ ಸಿಕ್ಕಿದ್ದೇ ಜಂಕ್ ಜರ್ನಲ್. ಬಸ್ ಟಿಕೆಟ್ಟು, ಒಣಗಿದ ಹೂವು, ಲೇಸಿನ ತುಂಡು, ಯಾರದೋ ಕೈಬರಹದ ಹಳೇ ಹಾಳೆ, ಇವನ್ನೆಲ್ಲ ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿದರೆ ಅದು ಕಲೆ. ಅಂಟಿಸದಿದ್ದರೆ ಕಸ. ಇಷ್ಟೇ ವ್ಯತ್ಯಾಸ!

ವಿಡಿಯೋದ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ಯಾವುದಾದರೂ ಹಳೇ ಪುಸ್ತಕ ಸಾಕು ಅಂದಳು. ಅವಳ ಮನೆಯಲ್ಲಿ ಪುಸ್ತಕಗಳು ಸುಮ್ಮನೆ ಬಿದ್ದಿರುತ್ತವೋ ಏನೋ! ನಮ್ಮ ಮನೆಯಲ್ಲಿ ನೂಲಿನ ಖಾಲಿ ರೀಲಿಗೂ ಒಂದು ಕೆಲಸ ಇರುತ್ತದೆ. ಇದನ್ನು ನಾನಾದರೂ ನೆನಪಿಟ್ಟುಕೊಳ್ಳಬೇಕಿತ್ತು.

ಅವ್ವನ ಬಳಿ ಎರಡು ಅಳತೆ ಪುಸ್ತಕಗಳಿದ್ದವು. ಗಿರಾಕಿಗಳ ಎದೆ, ಸೊಂಟ, ತೋಳು, ಕತ್ತಿನ ಅಳತೆಯನ್ನೆಲ್ಲ ಅವುಗಳಲ್ಲೇ ಬರೆದಿಡುತ್ತಾಳೆ. ಒಂದು ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ ಹೊಚ್ಚಹೊಸದರಂತೆ ಮಲಗಿತ್ತು. ಇನ್ನೊಂದರ ಮೂಲೆಗಳೆಲ್ಲ ಮಡಚಿ, ಚಹಾ ಚೆಲ್ಲಿ, ಎಣ್ಣೆ ಕುಡಿದು, ನೋಡಲು ನೂರು ವರ್ಷದ ತಾಳೆಗರಿಯಂತಿತ್ತು. ಮುಗಿದ ಪುಸ್ತಕ ಇದೇ ಎಂದು ನಾನು ತೀರ್ಮಾನಿಸಿದೆ. ಅವ್ವ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ವಿಡಿಯೋ ಓಡುತ್ತಿತ್ತಲ್ಲ!

ಎರಡು ಗಂಟೆಯಲ್ಲಿ ಅದರ ಹಾಳೆಗಳಿಂದ ಮೂವತ್ತು ಕಾಗದದ ಚಿಟ್ಟೆಗಳು ಹುಟ್ಟಿದವು.

ಅವ್ವ ಬಂದು, ನೀರು ಕುಡಿದು, ಪುಸ್ತಕಕ್ಕೆ ಕೈ ಚಾಚಿದಾಗ ಗೊತ್ತಾಯಿತು, ಪ್ಲಾಸ್ಟಿಕ್ಕಿನಲ್ಲಿದ್ದದ್ದೇ ಮುಗಿದ ಪುಸ್ತಕ. ಮುಗಿದದ್ದನ್ನು ಜೋಪಾನವಾಗಿ ಕಟ್ಟಿಟ್ಟು, ನಡೆಯುತ್ತಿರುವುದನ್ನು ಒಲೆಯ ಪಕ್ಕ ಎಸೆಯುವ ಪದ್ಧತಿ ಪ್ರಪಂಚದಲ್ಲಿ ಬೇರೆ ಎಲ್ಲಾದರೂ ಇದೆಯೇ? ಕೇಳುವ ಧೈರ್ಯವಾಗಲಿಲ್ಲ. ಅವ್ವ ನನ್ನ ಜರ್ನಲ್ಲಿನಿಂದ ಒಂದು ಚಿಟ್ಟೆಯನ್ನು ಉಗುರಿನಲ್ಲಿ ಎಬ್ಬಿಸಿ ಬೆಳಕಿಗೆ ಹಿಡಿದಳು. ಒಂದು ರೆಕ್ಕೆಯ ಮೇಲೆ 'ಸೊಂಟ 30' ಎಂದಿತ್ತು, ಇನ್ನೊಂದರ ಮೇಲೆ ಅರ್ಧ ತೋಳು.

"ಈ ಚಿಟ್ಟಿ ಯಾರ ಸೊಂಟವಾ?" ಅಂದಳು.

ನಮ್ಮವ್ವ ಗದಗ ಕಡೆಯವಳು. ಕೂಗಾಡಿದರೆ ಭಯವಿಲ್ಲ, ಮೆಲ್ಲಗೆ ಮಾತಾಡಿದರೆ ನಮ್ಮಪ್ಪನೂ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಾನೆ. ಅವತ್ತು ಅವಳು ತೀರಾ ಮೆಲ್ಲಗೆ ಮಾತಾಡಿದಳು.

ಅಂದು ಬುಧವಾರ. ಭಾನುವಾರ ನಮ್ಮ ಹಿಂದಿನ ಬೀದಿಯ ಶಾರದಮ್ಮನವರ ಮಗಳ ಮದುವೆ. ಅವರ ಮನೆಯ ಆರು ಹೆಂಗಸರ ಬ್ಲೌಸ್ ಹೊಲಿಯಬೇಕಿತ್ತು, ಅಳತೆಗಳೆಲ್ಲ ಈಗ ಚಿಟ್ಟೆಗಳಾಗಿ ಹಾರಿದ್ದವು. ಬೇರೆ ಟೇಲರುಗಳಂತೆ ಅಳತೆ ಬ್ಲೌಸ್ ಕೇಳದೆ, ಒಂದು ಸಲ ಮೈ ಅಳೆದು ಬರೆದುಕೊಂಡರೆ ಮುಗಿಯಿತು ಎಂಬುದೇ ಅವ್ವನ ಹೆಮ್ಮೆ. ಅದನ್ನು ನಂಬಿಯೇ ಶಾರದಮ್ಮ ತಮ್ಮ ನೆಂಟರನ್ನೆಲ್ಲ ನಮ್ಮ ಮನೆಗೆ ಕಳಿಸುತ್ತಿದ್ದರು. ಈಗ ಪುಸ್ತಕ ಹೋಯಿತು ಎಂದು ಗೊತ್ತಾದರೆ ಮುಖ್ಯರಸ್ತೆಯಲ್ಲಿ ಹೊಸದಾಗಿ ತೆರೆದ, ಗಾಜಿನ ಬಾಗಿಲಿನ ಬೊಟಿಕ್‌ಗೆ ಹೋಗಲು ಅವರಿಗೆ ಐದೇ ನಿಮಿಷ.

ನಾನೇ ಹೋಗಿ, ಮದುವೆ ಬ್ಲೌಸಲ್ಲವೇ, ಅವ್ವ ಇನ್ನೊಮ್ಮೆ ಅಳತೆ ನೋಡಿಕೊಳ್ಳಲು ಹೇಳಿದ್ದಾಳೆ ಎಂದು ಹೇಳಿ ಬರುತ್ತೇನೆಂದೆ. ತಾನೇ ಹೋದರೆ ಪುಸ್ತಕದ ಮಾತು ಬಂದೀತೆಂದು ಅವ್ವ ಬೇರೆ ದಾರಿಯಿಲ್ಲದೆ ಹೂಂ ಅಂದಳು. ಅವಳ ಕೊರಳಲ್ಲಿದ್ದ ಟೇಪು ಕೇಳಲು ಹೆದರಿ, ಮಷೀನಿನ ಡ್ರಾಯರಿನಲ್ಲಿದ್ದ ಹಳೆಯದನ್ನು ಹಿಡಿದು ಓಡಿದೆ.

ಮೊದಲು ಶಾರದಮ್ಮನವರನ್ನೇ ಅಳೆದೆ. ಎದೆ ಸುತ್ತಳತೆ ಮೂವತ್ತೆಂಟು.

"ಹೋದ ತಿಂಗಳು ನಿಮ್ಮಮ್ಮ ಮೂವತ್ತೇಳು ಅಂದಿದ್ರು ಕಣೇ," ಅಂದರು ಅವರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ವಿದ್ಯಾವಂತೆ. ಮದುವೆ ಮನೆಯಲ್ಲಿ ಸಿಹಿತಿಂಡಿ ಜಾಸ್ತಿಯಾಗುವುದು ಸಹಜ, ಬೆಳಿಗ್ಗೆ ಜಕ್ಕೂರು ಕೆರೆ ಸುತ್ತಿ, ಮೂರು ದಿನ ಅನ್ನ ಬಿಡಿ ಎಂದು ಸಲಹೆ ಕೊಟ್ಟೆ. ಅದೂ ಮೊಬೈಲಿನಲ್ಲೇ ಕಲಿತದ್ದು. ಆಮೇಲೆ ಅವರ ನಾದಿನಿಯನ್ನು ಅಳೆದರೆ ಒಂದಿಂಚು ಹೆಚ್ಚು, ತಂಗಿಯೂ ಒಂದಿಂಚು ಹೆಚ್ಚು. ಮದುಮಗಳು ತನ್ನ ಅಳತೆ ಕೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಜ್ಜಿಯೊಬ್ಬರೇ, ಈ ವಯಸ್ಸಿನಲ್ಲೂ ತಾನು ಬೆಳೆಯುತ್ತಿದ್ದೇನೆಂದು ಖುಷಿಪಟ್ಟರು. ಶಾರದಮ್ಮ ಎಲ್ಲರ ತಟ್ಟೆಯಿಂದಲೂ ಚಕ್ಕುಲಿ ವಾಪಸ್ ತೆಗೆದುಕೊಂಡು ಡಬ್ಬಿಗೆ ಹಾಕಿದರು, ನನ್ನದನ್ನೂ ಸೇರಿಸಿ.

ಮನೆಗೆ ಬಂದು ನಾನು ಅಳತೆ ಓದಿದೆ, ಅವ್ವ ಚಾಕ್‌ಪೀಸಿನಲ್ಲಿ ಗುರುತು ಹಾಕಿದಳು. ಶಾರದಮ್ಮನವರ ಬಟ್ಟೆ ಕತ್ತರಿಸಿಯೂ ಆಯಿತು. ಮದುಮಗಳ ರೇಷ್ಮೆ ಬಟ್ಟೆಗೆ ಕತ್ತರಿ ತಾಗಿಸುವಾಗ ಅವ್ವನ ಕೈ ನಿಂತಿತು. ಆ ಹುಡುಗಿ ಕಡ್ಡಿಯಂತಿದ್ದಾಳೆ, ಮೂವತ್ಮೂರು ಹೇಗಾಗುತ್ತದೆ ಎಂದು ಗೊಣಗುತ್ತಾ, ನಾನು ಒಯ್ದಿದ್ದ ಟೇಪನ್ನು ಈಸಿಕೊಂಡು ತುದಿಯನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಇದರಾಗ ಸೊನ್ನಿ ಎಲ್ಲೈತಿ, ತೋರಿಸು."

ಸೊನ್ನೆ ಇರಲಿಲ್ಲ. ಮೊದಲ ಇಂಚು ಎಂದೋ ಹರಿದುಹೋಗಿ, ಟೇಪು ಒಂದರಿಂದಲೇ ಶುರುವಾಗುತ್ತಿತ್ತು. ಅವ್ವ ಅದನ್ನು ಲೇಸು ಅಳೆಯಲು ಇಟ್ಟುಕೊಂಡು, ಪ್ರತಿ ಸಲ ಮನಸ್ಸಿನಲ್ಲೇ ಒಂದು ಕಳೆಯುತ್ತಿದ್ದಳಂತೆ. ಎಣಿಕೆ ಒಂದರಿಂದ ತಾನೇ ಶುರುವಾಗುವುದು ಅಂದೆ ನಾನು. ಲೆಕ್ಕಶಾಸ್ತ್ರ ಓದುವ ಹುಡುಗಿಯ ಮಾತು ಕೇಳಿ ಅವ್ವ ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ, ದೊಡ್ಡದನ್ನು ಸಣ್ಣದು ಮಾಡಬಹುದು, ಸಣ್ಣದಾಗಿದ್ದರೆ ನಮ್ಮ ಕಥೆ ಮುಗಿಯುತ್ತಿತ್ತು ಎಂದು, ಎಲ್ಲಾ ಅಳತೆಯಲ್ಲೂ ಒಂದೊಂದು ಕಳೆದು ಹೊಲಿಯಲು ಕೂತಳು. ಮೂರು ದಿನ ಮಷೀನು ನಿಲ್ಲಲಿಲ್ಲ. ಕಾಜಾ ಹೊಲಿದು, ಹುಕ್ಕು ಹಾಕಿ ನನ್ನ ಬೆರಳುಗಳು ಜರಡಿಯಾದವು. ಒಂದು ಕಡೆ ಅವ್ವನಿಗೆ ಸಿಟ್ಟು, ಇನ್ನೊಂದು ಕಡೆ ನನಗೆ ನನ್ನ ಮೇಲೇ ಸಿಟ್ಟು, ಮಾತಾಡಲು ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಶನಿವಾರ ಶಾರದಮ್ಮ ಬ್ಲೌಸ್ ಹಾಕಿ ನೋಡಲು ಬಂದರು. ನೂಲಿನೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅವರಾಗಿಯೇ ಅವ್ವನ ಕೊರಳಿನ ಟೇಪಿನಿಂದ ಅಳೆಸಿಕೊಂಡರು. ಮೂವತ್ತೇಳು.

"ನೋಡಿದ್ರಾ ಗೌರಮ್ಮಾ, ಮೂರು ದಿನ ಅನ್ನ ಮುಟ್ಟಿಲ್ಲ, ದಿನಾ ಕೆರೆ ಸುತ್ತಿದೀನಿ. ಒಂದಿಂಚು ಇಳ್ದಿದೀನಿ! ನಿಮ್ಮ ಮಗಳು ಮುಖ ನೋಡಿ ಮಾತಾಡೋಳಲ್ಲ, ಇದ್ದದ್ದು ಇದ್ದಂಗೆ ಹೇಳ್ತಾಳೆ."

ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅವ್ವ ತುಟಿಯ ಮಧ್ಯೆ ಪಿನ್ನು ಕಚ್ಚಿಕೊಂಡು ನನ್ನನ್ನೇ ನೋಡಿದಳು. ಬಾಯಿ ಮುಚ್ಚಿದೆ.

ಮದುವೆಯಾದ ಮುಂದಿನ ವಾರ ಶಾರದಮ್ಮನವರ ಗೆಳತಿ ರತ್ನಮ್ಮ ಬ್ಲೌಸ್ ಹೊಲಿಸಲು ಬಂದು, ನಾನೇ ಅಳೆಯಬೇಕೆಂದು ಹಟ ಹಿಡಿದರು. ಈ ಸಲ ಒಳ್ಳೆಯ ಟೇಪು ತೆಗೆದುಕೊಂಡು, ಸೊನ್ನೆಯನ್ನು ಕಣ್ಣಾರೆ ಕಂಡು ಅಳೆದೆ. ಮೂವತ್ತಾರು ಅಂದೆ. ಹೋದ ಸಲವೂ ಅಷ್ಟೇ ಇತ್ತಲ್ಲ ಎಂದು ಅವರು ಮುಖ ಸಣ್ಣ ಮಾಡಿದರು. ಮತ್ತೆ ಅಳೆದೆ, ಮೂವತ್ತಾರು. ಮೂರನೇ ಸಲವೂ ಅಷ್ಟೇ.

"ನನ್ನ ಮುಲಾಜಿಗೆ ಹೇಳ್ಬೇಡಮ್ಮಾ," ಅಂದರು. "ಶಾರದಂಗೆ ಹೇಳಿದಂಗೆ ನನಗೂ ನಿಜ ಹೇಳು."

ಅವ್ವ ಮಷೀನಿನಿಂದ ತಲೆ ಎತ್ತಲಿಲ್ಲ. "ಒಂದಿಂಚು ಹೆಚ್ಚಿಗಿ ಹೇಳವಾ, ಅಕ್ಕಾರು ಊಟಕ್ಕ ಹೋಗಲಿ," ಎಂದು ನನಗೆ ಮಾತ್ರ ಕೇಳುವಂತೆ ಅಂದಳು.

ಮೂವತ್ತೇಳು ಅಂದೆ. ರತ್ನಮ್ಮ ನನ್ನ ತಲೆ ಸವರಿ, ಜಕ್ಕೂರು ಕೆರೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ಕೇಳಿಕೊಂಡು ಸಮಾಧಾನದಿಂದ ಹೊರಟರು. ಅವ್ವ ಹೊಸ ಪುಸ್ತಕದಲ್ಲಿ ಮೂವತ್ತಾರು ಎಂದು ಬರೆದು, ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.