ಸೀಲಣ್ಣನ ಹನ್ನೊಂದು ಜವಾಬ್ದಾರಿಗಳು

ಬೀಗದ ಕಾರ್ಖಾನೆಗೆ ಬರುವ ಕಾಗದಗಳಿಗೆಲ್ಲ ಸೀಲು ಒತ್ತುವ ಗುಮಾಸ್ತನನ್ನು ಎಲ್ಲರೂ ಸೀಲಣ್ಣ ಎಂದೇ ಕರೆಯುತ್ತಿದ್ದರು. ಆ ದಿನ ಬೆಳಿಗ್ಗೆ ಅವನು ಎಂದಿನಂತೆ ಮೊದಲ ಲಕೋಟೆಗೆ ಸೀಲು ಒತ್ತಿ, ಆಮೇಲೆ ಬಿಡಿಸಿ ಓದಿದ. ಪತ್ರ ಅವನಿಗೇ ಬಂದದ್ದು. ಅವನ ಹುದ್ದೆ ಮುಂದಿನ ತಿಂಗಳಿಂದ ಕಂಪನಿಗೆ ಬೇಡವಂತೆ.

ಹಾಗೆಂದು ಅವನನ್ನು ಬೀದಿಗೆ ತಳ್ಳಿರಲಿಲ್ಲ. ಕೀಲಿಕೈ ವಿಭಾಗದಲ್ಲಿ ಬದಲಿ ಕೆಲಸ ಕೊಡುತ್ತೇವೆ, ಪ್ರತಿ ಬೀಗವನ್ನೂ ಅದರ ಕೀಲಿಕೈಯಿಂದ ತೆಗೆದು ನೋಡಬೇಕು, ಸಂಬಳ ಅದೇ. ಒಂದು ತಿಂಗಳು ಮಾಡಿ ಹಿಡಿಸದಿದ್ದರೆ ಪರಿಹಾರ ಪಡೆದು ಹೋಗಬಹುದು. ಒಪ್ಪಿಗೆಯನ್ನೋ ಆಕ್ಷೇಪಣೆಯನ್ನೋ ಸಂಜೆ ಐದರೊಳಗೆ ಕೊಡಬೇಕು.

ಸೀಲಣ್ಣ ಹೆಂಡತಿಗೆ ಫೋನು ಮಾಡಿದ.

"ಸಂಬಳ ಅದೇ ತಾನೇ? ಒಪ್ಕೊಂಡು ಸುಮ್ನೆ ಮನೆಗೆ ಬನ್ನಿ," ಎಂದಳು ಅವಳು. "ಯಾರ ಹತ್ರಾನೂ ಸಲಹೆ ಕೇಳೋಕೆ ಹೋಗ್ಬೇಡಿ."

ಅವನು ಯಾರನ್ನೂ ಕೇಳಲಿಲ್ಲ. ಆದರೆ ಆ ಆಫೀಸಿನಲ್ಲಿ ಸಲಹೆ ಸಿಗಲು ಕೇಳಲೇಬೇಕೆಂದಿರಲಿಲ್ಲ. ನೌಕರರ ಸಂಘದ ಕಾರ್ಯದರ್ಶಿ ಅಷ್ಟರಲ್ಲಿ ಅವನ ಬೆನ್ನ ಹಿಂದೆ ನಿಂತು ಪತ್ರ ಪೂರ್ತಿ ಓದಿ ಮುಗಿಸಿದ್ದ. ಕಾನೂನಿನ ಒಂದು ಪುಟವನ್ನೂ ತಿರುವಿ ನೋಡದ ಈತನನ್ನು ಎಲ್ಲರೂ ಲಾಯರ್ ಸಾಹೇಬ ಎನ್ನುತ್ತಿದ್ದರು.

"ಒಪ್ಪಿಗೆಗೆ ಸಹಿ ಹಾಕಿದ್ರೋ, ಕೆಟ್ರಿ! ಆಕ್ಷೇಪಣೆ ನಮ್ಮ ಹಕ್ಕು ಕಣ್ರೀ. ನೀವು ಮಾಡೋ ಕೆಲಸದ ಪಟ್ಟಿ ಕೊಡೋಣ. ಓದಿದ್ರೆ ಮ್ಯಾನೇಜರ್ ತಲೆ ಗಿರ್ರನೆ ತಿರುಗ್ಬೇಕು. ಹೇಳಿ, ಏನೇನು ಮಾಡ್ತೀರಿ?"

"ಸೀಲು ಒತ್ತುತ್ತೀನಿ."

"ಆಮೇಲೆ?"

ಸೀಲಣ್ಣ ಕೈಯಲ್ಲಿದ್ದ ಸೀಲನ್ನು ತಿರುಗಿಸಿ ನೋಡಿದ. "ಸೀಲಿನ ತಾರೀಖು ಬದಲಾಯಿಸ್ತೀನಿ."

ಲಾಯರ್ ಸಾಹೇಬ ಹಣೆ ಚಚ್ಚಿಕೊಂಡ. ಆಗ ಟೈಪಿಸ್ಟಮ್ಮ ಕುರ್ಚಿ ಎಳೆದುಕೊಂಡು ಬಂದಳು. "ಹೋದ್ವರ್ಷ ಯಾವುದೋ ದೇಶದ ಕಾಗದ ತಂದು, ಇದೇನಮ್ಮಾ ಬರ್ದಿದ್ದಾರೆ ಅಂತ ನನ್ನ ಕೇಳ್ಲಿಲ್ವಾ? ವಿದೇಶಿ ಪತ್ರವ್ಯವಹಾರ ಅಂತ ಹಾಕಿ."

ಉಗ್ರಾಣದವನೂ ಸೇರಿಕೊಂಡ. ಸೀಲಣ್ಣ ಒಮ್ಮೆ ಕಂಪ್ಯೂಟರಿನ ತಲೆಗೆ ಮೊಟಕಿದ್ದು ತಾಂತ್ರಿಕ ನಿರ್ವಹಣೆಯಾಯಿತು. ಕೆಟ್ಟು ನಿಂತ ಲಾರಿಯನ್ನು ನಾಲ್ಕು ಜನ ತಳ್ಳುವಾಗ ಪಕ್ಕದಲ್ಲಿ ನಿಂತು "ಹೂಂ, ಹೂಂ" ಎಂದದ್ದು ಸಾರಿಗೆ ಮೇಲ್ವಿಚಾರಣೆಯಾಯಿತು. ಫ್ಯಾನಿಗಾಗಿ ನಡೆದ ಜಗಳ ಕಾರ್ಮಿಕ ವಿವಾದಗಳ ಇತ್ಯರ್ಥವೆಂದು ದಾಖಲಾಯಿತು. ಜಗಳ ತೆಗೆದವನೇ ಸೀಲಣ್ಣ ಎಂಬುದನ್ನು ಯಾರೂ ಬರೆಯಲಿಲ್ಲ.

ಊಟದ ಹೊತ್ತಿಗೆ ಹನ್ನೊಂದು ಜವಾಬ್ದಾರಿಗಳಾದವು. ಮೊದಮೊದಲು ನಾಚಿಕೊಳ್ಳುತ್ತಿದ್ದ ಸೀಲಣ್ಣನಿಗೆ ಈಗ ತನ್ನ ಮೇಲೆ ತನಗೇ ಗೌರವ ಹುಟ್ಟಿ, ಇಷ್ಟೆಲ್ಲ ಮಾಡುವವನ ಕೈಗೆ ಕೀಲಿಕೈ ಕೊಡುತ್ತಾರಲ್ಲ ಎಂದು ನಿಜವಾಗಿಯೂ ಸಿಟ್ಟು ಬಂತು. ಪಟ್ಟಿಯ ಕೊನೆಗೆ, "ಈ ಹುದ್ದೆಯಿಲ್ಲದೆ ಕಂಪನಿ ಒಂದು ದಿನವೂ ನಡೆಯದು" ಎಂದು ತಾನೇ ಬರೆದು, ಅದಕ್ಕೊಂದು ಸೀಲನ್ನೂ ಒತ್ತಿದ.

ನಾಲ್ಕೂವರೆಗೆ ಮ್ಯಾನೇಜರ ಕೋಣೆಗೆ ಹೋದ. ಉಳಿದವರು ಬಾಗಿಲಿಗೆ ಕಿವಿ ಹಚ್ಚಿ ನಿಂತರು.

ಮ್ಯಾನೇಜರು ಪಟ್ಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ನಮ್ಮಿಂದ ದೊಡ್ಡ ತಪ್ಪಾಯ್ತು. ಇಂಥ ಹುದ್ದೇನ ತೆಗೆಯೋದುಂಟಾ? ಆ ಆದೇಶ ಈಗಲೇ ರದ್ದು."

ಹೊರಗೆ ಹೋ ಎಂಬ ಕೂಗೆದ್ದಿತು. ಅಷ್ಟು ಕೇಳಿದ್ದೇ ತಡ, ಬಾಗಿಲ ಬಳಿ ಒಬ್ಬರೂ ನಿಲ್ಲಲಿಲ್ಲ, ಸಿಹಿ ತರಿಸಲು ಓಡಿದರು.

ಒಳಗೆ ಮ್ಯಾನೇಜರು ಸೀಲಣ್ಣನ ಫೈಲು ತೆರೆದರು. "ಆದ್ರೆ ಈ ಹುದ್ದೇಲಿ ಇರೋರಿಗೆ ವಿದೇಶಿ ಭಾಷೆ ಬರ್ಬೇಕು. ಕಂಪ್ಯೂಟರ್ ಕಲಿತಿರ್ಬೇಕು, ಕಾರ್ಮಿಕ ಕಾನೂನು ಓದಿರ್ಬೇಕು. ನಿಮಗೆ ಒಂದೂ ಇಲ್ವಲ್ರೀ! ಇಷ್ಟು ವರ್ಷ ಅರ್ಹತೆ ಇಲ್ದೇ ಇದನ್ನೆಲ್ಲ ಮಾಡ್ಬಿಟ್ರಾ? ಅರ್ಹರು ಬೇಕು ಅಂತ ನಾಳೆನೇ ಜಾಹೀರಾತು ಕೊಡ್ತೀವಿ. ತಿಂಗಳ ಕೊನೆವರೆಗೂ ನೀವಿರಿ."

ಸೀಲಣ್ಣ ಮೇಜಿನ ಮೇಲಿದ್ದ ಪಟ್ಟಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. "ಹಾಗಾದ್ರೆ ಆ ಕೀಲಿಕೈ ಕೆಲಸ, ಸಾರ್..."

"ಅದು ಹುದ್ದೆ ಹೋದವರಿಗೆ. ನಿಮ್ಮ ಹುದ್ದೆ ಇದೆಯಲ್ಲ!"

"ಪರಿಹಾರ?"

"ಅದೂ ಹುದ್ದೆ ಹೋದವರಿಗೇ."

ಸೀಲಣ್ಣ ಹೊರಗೆ ಕಾಲಿಟ್ಟದ್ದೇ ತಡ, ಲಾಯರ್ ಸಾಹೇಬನೂ ಉಗ್ರಾಣದವನೂ ಅವನನ್ನು ಹೆಗಲ ಮೇಲೆತ್ತಿಕೊಂಡು ಕುಣಿಯತೊಡಗಿದರು. ಅಷ್ಟರಲ್ಲಿ ಫೋನು ಬಂತು.

"ಏನಾಯ್ತ್ರೀ? ಕೆಲಸ ಉಳೀತಾ?" ಹೆಂಡತಿ ಕೇಳಿದಳು.

"ಕೆಲಸ ಉಳೀತು ಕಣೇ," ಎಂದ ಸೀಲಣ್ಣ, ಹೆಗಲ ಮೇಲಿಂದಲೇ. "ಅದನ್ನ ಮಾಡೋಕೆ ಆಳು ಹುಡುಕ್ತಿದ್ದಾರೆ."