ಎದುರುಮನೆಯ ಇಯರ್‌ಫೋನು

ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಒಂದು ಮನೆಗೆ ಹೊಸ ಸಾಮಾನು ಬಂತೆಂದರೆ ಉಳಿದ ಮನೆಗಳಲ್ಲಿ ಸಾರು ಸೀಯುತ್ತದೆ. ಫ್ರಿಜ್ಜು ಬಂದಾಗ ಸೀದಿತ್ತು, ಕಲರ್ ಟೀವಿ ಬಂದಾಗಲೂ ಸೀದಿತ್ತು. ಆದರೆ ಎದುರುಮನೆಗೆ ಇಯರ್‌ಫೋನು ಬಂದಾಗ ನಮ್ಮ ಮನೆಯಲ್ಲಿ ಸೀದಷ್ಟು ಸಾರು ಹೊಸೂರಿನಲ್ಲಿ ಮತ್ತೆಂದೂ ಸೀದಿರಲಾರದು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮವರು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿದ್ದರು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳ ಕೈಕೆಳಗೆ ಪಿಯಾನೋ ಕಲಿತವಳು. ನಮ್ಮ ನಡುಮನೆಯಲ್ಲಿ ತೇಗದ ಪೆಟ್ಟಿಗೆಯ ದೊಡ್ಡ ರೇಡಿಯೋಗ್ರಾಮ್ ಇತ್ತು. ಭಾನುವಾರ ಸಂಜೆ ನಮ್ಮ ಸಾಲಿನ ಹೆಂಗಸರೆಲ್ಲ ಕಾಲು ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂರುವರು. ನಾನು ರೆಕಾರ್ಡು ಒರೆಸಿ, ಯಾರು ಹಾಡಿದ್ದು, ಯಾವ ರಾಗ ಎಂದು ತಿಳಿಸಿ, ಮುಳ್ಳು ಇಡುವೆನು. ನನ್ನದು ಎರಡೇ ನಿಯಮ. ಹಾಡು ನಡೆಯುವಾಗ ಮಾತಾಡಬಾರದು, ಏನನ್ನೂ ಅಗಿಯಬಾರದು. ಅವರು ಮಾತೂ ಆಡುತ್ತಿದ್ದರು, ಚಕ್ಕುಲಿಯೂ ಅಗಿಯುತ್ತಿದ್ದರು. ಆದರೂ ಬರುತ್ತಿದ್ದರು.

ಯಾರಾದರೂ ನೀವೂ ಒಂದು ಹಾಡು ಹೇಳಿ ಎಂದು ಕೇಳಿದರೆ, ಪಿಯಾನೋ ಇಲ್ಲದೆ ನಾನು ಹಾಡುವುದಿಲ್ಲ ಎನ್ನುತ್ತಿದ್ದೆ. ನಮ್ಮ ಕ್ವಾರ್ಟರ್ಸಿನಲ್ಲಿ ಪಿಯಾನೋ ಇರಲಿಲ್ಲ. ಆದ್ದರಿಂದ ನನ್ನ ಸಂಗೀತದ ಬಗ್ಗೆ ಎಲ್ಲರಿಗೂ ಬಹಳ ಗೌರವವಿತ್ತು.

ಗುಡ್ ಮಾರ್ನಿಂಗ್

ಎದುರುಮನೆಯಾಕೆ ಕೃಷ್ಣಗಿರಿಯ ಮಾವಿನ ಮಂಡಿಯವರ ಮಗಳು. ನಗುಮುಖ, ದೊಡ್ಡ ದನಿ, ಯಾರ ಮನೆಗಾದರೂ ಹಿತ್ತಲ ಬಾಗಿಲಿನಿಂದಲೇ ಬರುವ ಸಲಿಗೆ. ಆಕೆಯ ತಮ್ಮ ಸಿಂಗಪುರದಿಂದ ಬಂದವನು ಅಕ್ಕನಿಗೆ ಅಂಗೈಯಗಲದ ಟೇಪು ತಂದುಕೊಟ್ಟ. ಟೇಪು ದೊಡ್ಡ ವಿಷಯವಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ನಾನೂ ನೋಡಿದ್ದೆ. ತಲೆಯ ಮೇಲೆ ಕಮಾನು, ಕಿವಿಯ ಮೇಲೆ ಸ್ಪಂಜಿನ ಬಿಲ್ಲೆ ಇರುವ ಇಯರ್‌ಫೋನುಗಳನ್ನೂ ನೋಡಿದ್ದೆ. ಇದು ಹಾಗಿರಲಿಲ್ಲ. ಕಿವಿಯ ಒಳಕ್ಕೇ ಹೋಗಿ ಕೂರುವಂಥದ್ದು. ತುದಿಗೆ ಮೆತ್ತನೆಯ ರಬ್ಬರು. ಇಡುವುದಕ್ಕೆ ಒಳಗೆಲ್ಲ ಮಖಮಲ್ಲು ಹಾಸಿದ ಪುಟ್ಟ ಡಬ್ಬಿ, ವಜ್ರದ ಓಲೆ ಇಡುವುದಕ್ಕೆ ಕೊಡುತ್ತಾರಲ್ಲ, ಅಂಥದ್ದು. ಟೇಪಿಗಿಂತ ಇದಕ್ಕೇ ಬೆಲೆ ಹೆಚ್ಚಂತೆ ಎಂದು ಇಡೀ ಸಾಲಿಗೆ ಗೊತ್ತಾಗಿತ್ತು. ಆಕೆಯೇ ಹೇಳಿದ್ದರು.

ಮಾರನೆಯ ಬೆಳಗ್ಗೆ ಆಕೆ ತುಳಸಿ ಪ್ರದಕ್ಷಿಣೆ ಮಾಡುತ್ತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲಿನ ಪಕ್ಕ ಟೇಪು, ಸೆರಗಿನೊಳಗಿಂದ ಮೇಲೆ ಹೋದ ವೈರು, ಮುಖದ ಮೇಲೆ ಮುಗುಳ್ನಗೆ. ನಾನು ಗುಡ್ ಮಾರ್ನಿಂಗ್ ಎಂದೆ. ಉತ್ತರವಿಲ್ಲ. ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಹೇಳದಿರುವುದು ಅಸಭ್ಯತೆಯ ಪರಾಕಾಷ್ಠೆ ಎಂದು ನಮ್ಮ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಅದನ್ನು ತಿದ್ದುವುದು ನನ್ನ ಕರ್ತವ್ಯ. ಇನ್ನೂ ಗಟ್ಟಿಯಾಗಿ ಹೇಳಿದೆ. ಆಮೇಲೆ ಗೇಟಿನ ಹತ್ತಿರ ಹೋಗಿ, ಶಾಲೆಯ ಮೈದಾನದಲ್ಲಿ ಹೇಳುವಂತೆ ಹೇಳಿದೆ.

ಆ ದಿನ ನಮ್ಮ ಸಾಲಿನ ಎಲ್ಲ ಮನೆಗಳಿಂದಲೂ ನನಗೆ ಗುಡ್ ಮಾರ್ನಿಂಗ್ ಬಂತು. ಹಿಂದಿನ ಸಾಲಿನ ಒಬ್ಬರು ಬಚ್ಚಲಿನಿಂದಲೇ ಹೇಳಿದರು. ಎದುರುಮನೆಯಾಕೆ ಮಾತ್ರ ಕಣ್ಣು ಮುಚ್ಚಿ ಇನ್ನೊಂದು ಸುತ್ತು ಹಾಕಿದರು.

ನನ್ನ ತೀರ್ಪು

ಆ ಭಾನುವಾರ ನಮ್ಮ ಚಾಪೆಗಳು ಖಾಲಿ. ಕಿಟಕಿಯಿಂದ ನೋಡಿದೆ. ಎದುರುಮನೆಯ ಜಗಲಿಯಲ್ಲಿ ಹೆಂಗಸರು ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಾಗಿ ಇಯರ್‌ಫೋನು ಇಟ್ಟುಕೊಂಡು ಕಣ್ಣರಳಿಸುವುದು, ಎದೆಯ ಮೇಲೆ ಕೈಯಿಡುವುದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುವುದು.

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಶಿಸ್ತು ಬೇಕು. ನಾನು ಮುಖ ಗಂಟಿಕ್ಕಲಿಲ್ಲ. ಮಾರನೆಯ ದಿನ ಬಟ್ಟೆ ಒಣಹಾಕುವಾಗ, ನಾಲ್ಕು ಮನೆಗೆ ಕೇಳಿಸುವ ಹಾಗೆ ಒಂದು ಅಭಿಪ್ರಾಯ ಹೇಳಿದೆ ಅಷ್ಟೆ. ಬೇರೆ ಮನುಷ್ಯರ ಕಿವಿಯಿಂದ ತೆಗೆದದ್ದನ್ನು ನನ್ನ ಕಿವಿಗೆ ಹಾಕಿಕೊಳ್ಳುವುದೆಂದರೆ ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ಷನ್ನು ಬಾಯಿಗೆ ಹಾಕಿಕೊಂಡ ಹಾಗೆ, ನಮ್ಮ ಕಾನ್ವೆಂಟಿನಲ್ಲಿ ಬಾಚಣಿಗೆಯನ್ನೂ ಹಂಚಿಕೊಳ್ಳುತ್ತಿರಲಿಲ್ಲ, ಎಂದೆ.

ಎದುರುಮನೆಯಾಕೆ ಇದನ್ನು ಕೇಳಿ ನೊಂದುಕೊಂಡಾರು ಎಂದುಕೊಂಡಿದ್ದೆ. ಆಕೆ ಸಂಜೆ ಹಿತ್ತಲ ಬಾಗಿಲಿಗೆ ಬಂದು, ತುಂಬ ಮರ್ಯಾದೆಯಿಂದ, "ಮೇಡಂ, ಎಲ್ಲರಿಗೂ ಕೊಟ್ಟು ನಿಮಗೆ ಕೊಡಲಿಲ್ಲ ಅಂತ ನನಗೇ ಸಂಕಟ ಆಗ್ತಿತ್ತು. ನಿಮಗೆ ಅದು ಅಸಹ್ಯ ಅಂತ ಈಗ ಗೊತ್ತಾಯ್ತು. ಬೇಕಾ ಅಂತ ಇನ್ನು ಯಾವತ್ತೂ ಕೇಳೋದೇ ಇಲ್ಲ. ಸರಿ ತಾನೆ?" ಎಂದರು.

ಕೊಟ್ಟ ಮಾತನ್ನು ಅಷ್ಟು ನಿಷ್ಠೆಯಿಂದ ನಡೆಸಿದ ಹೆಂಗಸನ್ನು ನಾನು ಬೇರೆ ನೋಡಿಲ್ಲ.

ಬಲಗಿವಿಯ ವಿಚಾರ

ನನ್ನ ಮಾತಿನಿಂದ ಸಾಲಿನ ಹಿರಿಯ ಹೆಂಗಸರಿಗೆ ಬೇರೊಂದು ಅನುಮಾನ ಹುಟ್ಟಿತು. ಇಯರ್‌ಫೋನಿಗೆ ಎಂಜಲು ಉಂಟೋ ಇಲ್ಲವೋ? ಮಡಿ ಮೈಲಿಗೆಯ ವಿಚಾರದಲ್ಲಿ ನಮ್ಮ ಅತ್ತೆಯವರ ಮಾತೇ ಕೊನೆ. ಎಲ್ಲರೂ ಅವರ ಹತ್ತಿರ ಬಂದರು. ನನಗೆ ಒಳಗೊಳಗೇ ಸಂತೋಷ. ಎಂಜಲೆಂದು ಅತ್ತೆಯವರು ಒಂದು ಮಾತು ಹೇಳಿದರೆ ಡಬ್ಬಿ ಮುಚ್ಚಿಹೋಗುತ್ತದೆ, ಭಾನುವಾರ ನನ್ನ ಚಾಪೆ ತುಂಬುತ್ತದೆ.

ಅತ್ತೆಯವರು ಯೋಚಿಸಿದರು. ಆಚಮನಕ್ಕೆ ನೀರಿಲ್ಲದ ಕಡೆ ಬಲಗಿವಿ ಮುಟ್ಟಿಕೊಂಡರೆ ಸಾಕು ಎನ್ನುವುದು ಅವರ ಕಾಲದ ಸಂಪ್ರದಾಯ. ಬಲಗಿವಿಯಲ್ಲಿ ಗಂಗೆಯೇ ಇದ್ದಾಳಂತೆ. ಆದ್ದರಿಂದ ಬಲಗಡೆಯದಕ್ಕೆ ಎಂಜಲಿಲ್ಲ, ಯಾರ ಕಿವಿಯಿಂದ ತೆಗೆದು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಎಡಗಡೆಯದು ಮನೆಯವರಿಗೆ ಮಾತ್ರ. ಇದನ್ನು ಇನ್ನೂ ಸರಿಯಾಗಿ ಹೇಳಬೇಕಾದರೆ ವಸ್ತುವನ್ನು ತಾವೇ ಪರೀಕ್ಷಿಸಬೇಕು ಎಂದು ಎದ್ದು ಎದುರುಮನೆಗೆ ಹೊರಟರು. ಪರೀಕ್ಷೆ ಕತ್ತಲಾಗುವವರೆಗೂ ನಡೆಯಿತು.

ಬಂದವರನ್ನು ನಾನು ಏನೂ ಕೇಳಬಾರದೆಂದಿದ್ದೆ. ಊಟಕ್ಕೆ ಬಡಿಸುತ್ತಾ ಕೇಳಿಯೇಬಿಟ್ಟೆ, ಅಂಥಾದ್ದೇನಿದೆ ಅದರಲ್ಲಿ ಎಂದು.

ಅತ್ತೆಯವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಹೇಗೆ ಹೇಳಲೇ ನಿನಗೆ? ಇಷ್ಟು ವರ್ಷ ನಿನ್ನ ಪೆಟ್ಟಿಗೆ ಪಕ್ಕದ ಬೀದೀಲಿ ಹಾಡ್ತಿತ್ತು ಅಂತ ಇವತ್ತು ಗೊತ್ತಾಯ್ತು ನೋಡು."

ಸಾರು ಸೀದಿದೆ ಎಂದೂ ಹೇಳಿದರು.

ಕೊಸರು ಹಾಲು

ನಮ್ಮ ಎರಡೂ ಮನೆಗೆ ಹಾಲು ಹಾಕುತ್ತಿದ್ದವಳು ಸೂಳಗಿರಿ ಕಡೆಯ ಒಕ್ಕಲಿನವಳು. ಅಳತೆಯಲ್ಲಿ ಬಹಳ ಬಿಗಿ. ಲೋಟದ ಅಂಚಿನಿಂದ ಒಂದು ತೊಟ್ಟು ಆಚೆ ಹೋಗುವಂತಿಲ್ಲ. ಕೊಸರು ಹಾಕೆಂದು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ, ಹಾಕಿದವಳಲ್ಲ.

ಒಂದು ಬೆಳಗ್ಗೆ ಅವಳು ತಡವಾಗಿ ಬಂದಳು. ತಲೆಯ ಸೆರಗು ಜಾರಿತ್ತು, ಮುಖದಲ್ಲಿ ಮಂಕು ಹಿಡಿದಂಥ ಕಳೆ. ಎದುರುಮನೆಯಾಕೆ ಅವಳ ಕಿವಿಗೂ ಇಟ್ಟಿದ್ದರು. ಗಂಗೆಯ ಲೆಕ್ಕದಲ್ಲಿ ಬಲಗಡೆಯದು.

"ತಲೆ ಒಳ್ಗೇ ಕುಂತ್ಕಂಡು ಹಾಡ್ತಾರೆ ಕಣಕ್ಕಾ," ಎಂದಳು. "ಮೈಯೆಲ್ಲ ಜುಮ್ಮಂದ್ಬುಡ್ತು. ನಮ್ ಹಸೂಗೆ ಇಕ್ಕಿದ್ರೆ ಇನ್ನೊಂದು ಸೇರು ಕರೀತದೆ. ಬಲಗಡೆಗೇ ಇಂಗಾದ್ರೆ ಎರಡೂ ಇಕ್ಕಂಡ್ರೆ ಎಂಗಿರ್ತದೋ. ನೀವ್ ಹೇಳಿ, ಎಂಗಿರ್ತದೆ?"

ನಾನು ಪಾತ್ರೆ ಮುಂದಕ್ಕೆ ಚಾಚಿ, ನಾನಿನ್ನೂ ಕೇಳಿಲ್ಲ ಎಂದೆ.

ಅವಳು ಬಗ್ಗಿದವಳು ನೆಟ್ಟಗಾದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಇಸ್ತ್ರಿಯ ಸೀರೆಯುಟ್ಟು, ಮುತ್ತಿನ ಓಲೆ ಹಾಕಿಕೊಂಡು ನಿಂತಿದ್ದೆ. "ಅಯ್ಯೋ ಪಾಪ," ಎಂದು, ಲೋಟದ ಅಳತೆ ಮುಗಿದ ಮೇಲೆ, ಯಾರೂ ಕೇಳದೆ, ಒಂದು ದೊಡ್ಡ ಕೊಸರು ಸುರಿದು ಹೋದಳು.

ಆ ದಿನದ ಕಾಫಿ ಬಹಳ ಚೆನ್ನಾಗಿತ್ತೆಂದು ನಮ್ಮವರು ಹೇಳಿದರು. ನಾನು ಕುಡಿಯಲಿಲ್ಲ.

ಕ್ವಾಲಿಟಿ ವಿಭಾಗ

ನನ್ನ ಸಂಕಟ ನೋಡಲಾರದೆ ನಮ್ಮವರು ಕೃಷ್ಣಗಿರಿಗೆ ಕೆಲಸದ ಮೇಲೆ ಹೋದಾಗ ಅಲ್ಲಿನ ರೇಡಿಯೋ ರಿಪೇರಿ ಅಂಗಡಿಯಿಂದ ಒಂದು ಇಯರ್‌ಫೋನು ತಂದರು. ಟ್ರಾನ್ಸಿಸ್ಟರಿಗೆ ಹಾಕುವ ಒಂಟಿ ಕಿವಿಯದು, ಹಲ್ಲಿನ ಬಣ್ಣದ್ದು. ಸಿಂಗಪುರದವನು ಅಕ್ಕನಿಗೆ ಮಖಮಲ್ಲಿನ ಡಬ್ಬಿ ತರುತ್ತಾನೆ, ನನಗೆ ಬಂದದ್ದು ನ್ಯೂಸ್‌ಪೇಪರಿನ ಪೊಟ್ಟಣ. ತತ್ತ್ವ ಒಂದೇ ಎಂದರು ನಮ್ಮವರು.

ಅದನ್ನು ರೇಡಿಯೋಗ್ರಾಮಿಗೆ ಸೇರಿಸಿದರು. ವೈರು ಮೊಳದುದ್ದ. ಕುರ್ಚಿಯ ಮೇಲೆ ಕೂತರೆ ಎಟುಕುವುದಿಲ್ಲ, ನೆಲದ ಮೇಲೆ ಕೂತರೂ ಸಾಲದು. ಕೊನೆಗೆ ನಾನು ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ತೇಗದ ಪೆಟ್ಟಿಗೆಗೆ ಒತ್ತಿಕೊಂಡು, ಜಾರಿಬೀಳದಂತೆ ಕಿವಿಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಬೇಕಾಯಿತು. ಜೇನುನೊಣವೊಂದು ಡಬ್ಬಿಯೊಳಗೆ ಸಿಕ್ಕಿಕೊಂಡು ರಾಗ ಆಲಾಪಿಸುತ್ತಿತ್ತು. ಅದರಲ್ಲಾದರೂ ಏನಾದರೂ ಸುಖವಿದೆಯೇ ಎಂದು ಕಣ್ಣು ಮುಚ್ಚಿ ಹುಡುಕಿದೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲ ಸದ್ದಾಯಿತು. ಎದುರುಮನೆಯಾಕೆ ಕಿಟಕಿಯಿಂದ ನನ್ನನ್ನು ನೋಡಿ ಲವಂಗದೆಣ್ಣೆ ತಂದಿದ್ದರು. ಹಲ್ಲುನೋವು ಅಷ್ಟು ಜೋರಾಗಿರುವಾಗ ಸುಮ್ಮನಿರಬಾರದು ಮೇಡಂ ಎಂದರು.

ಇಯರ್‌ಫೋನಿನ ವಿಷಯ ಹೇಳುವುದಕ್ಕಿಂತ ಸುಲಭವೆಂದು ನಾನು ಎಣ್ಣೆ ಹಚ್ಚಿಸಿಕೊಂಡೆ.

ರಾಜ ರಾಣಿ

ಅಷ್ಟರಲ್ಲಿ ನವರಾತ್ರಿ ಬಂತು. ಎದುರುಮನೆಯಾಕೆ ಪ್ರತಿವರ್ಷ ಗೊಂಬೆ ಕೂರಿಸುತ್ತಿದ್ದರು. ನೋಡಲು ಬಂದ ಹೆಂಗಸರು ಒಂದೊಂದು ಹಾಡು ಹೇಳಬೇಕು, ಆಮೇಲೆ ಅರಿಶಿನ ಕುಂಕುಮ, ತಾಂಬೂಲ, ಕಡಲೆ ಉಸಲಿ. ನಾನು ಮಾತ್ರ ಪಿಯಾನೋ ಇಲ್ಲದ ಕಾರಣ ಹಾಡದೆ ತಾಂಬೂಲ ತೆಗೆದುಕೊಳ್ಳುವ ರಿಯಾಯಿತಿ ಪಡೆದವಳು.

ಅತ್ತೆಯವರೊಂದಿಗೆ ಎಲ್ಲರಿಗಿಂತ ಮೊದಲೇ ಹೋದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಅವರ ನಡುವೆ ಟೇಪು. ಇಯರ್‌ಫೋನಿನ ಬಲಗಡೆಯದು ರಾಜನ ಕಿವಿಗೆ, ಎಡಗಡೆಯದು ರಾಣಿಯ ಕಿವಿಗೆ, ಜರಿ ದಾರದಲ್ಲಿ ಕಟ್ಟಿತ್ತು. ಮದುವೆಯಲ್ಲಿ ಗಂಟು ಹಾಕಿದಂತೆ ನಡುವೆ ವೈರು. ಅತ್ತೆಯವರ ತೀರ್ಪಿನ ಮೇಲೆ ಎರಡೂ ಕಡೆ ಕೇಳುವ ಭಾಗ್ಯ ಸಾಲಿನಲ್ಲಿ ಬೇರೆ ಯಾರಿಗೂ ಇಲ್ಲ ಎಂದು ಇಲ್ಲಿಯವರೆಗೆ ಸಮಾಧಾನವಿತ್ತು. ಈಗ ಮರದ ಗೊಂಬೆಗಳೂ ನನ್ನನ್ನು ಹಿಂದೆ ಹಾಕಿದ್ದವು.

ಅತ್ತೆಯವರೂ ಎದುರುಮನೆಯಾಕೆಯೂ ಉಸಲಿಗೆ ಒಗ್ಗರಣೆ ಹಾಕಲು ಅಡುಗೆಮನೆಗೆ ಹೋದರು. ನಾನೂ ಗೊಂಬೆಗಳೂ ಉಳಿದೆವು. ಆಗ ನನಗೆ ಒಂದು ವಿಷಯ ಹೊಳೆಯಿತು. ನಾನು ಹೇಳಿದ್ದು ಬೇರೆ ಮನುಷ್ಯರ ಕಿವಿಯಿಂದ ತೆಗೆದದ್ದು ಎಂದು. ಗೊಂಬೆ ಮನುಷ್ಯರಲ್ಲ. ನನ್ನ ಮಾತಿಗೆ ಯಾವ ಭಂಗವೂ ಇಲ್ಲ.

ಜರಿ ದಾರ ಬಿಚ್ಚಿ, ರಾಜನದನ್ನು ಬಲಗಿವಿಗೆ, ರಾಣಿಯದನ್ನು ಎಡಗಿವಿಗೆ ಇಟ್ಟುಕೊಂಡೆ. ಗುಂಡಿ ಒತ್ತಿದೆ.

ಇರುವುದನ್ನು ಇದ್ದ ಹಾಗೆ ಹೇಳಬೇಕು. ಮೊದಲು ಹೊರಗಿನದೆಲ್ಲ ನಿಂತುಹೋಯಿತು, ಹೈವೇಯ ಲಾರಿಗಳು ಕೂಡ. ಆಮೇಲೆ ತಂಬೂರಿ ಹಣೆಯ ಹಿಂದೆ ಎಲ್ಲೋ ಶುರುವಾಯಿತು. ಪಿಟೀಲಿನವನು ಎಡಕ್ಕೆ, ಮೃದಂಗದವನು ಬಲಕ್ಕೆ, ನಡುವೆ ಹಾಡುವಾಕೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅತ್ತೆಯವರು ದಿನಾ ಬೆಳಗ್ಗೆ ಗುನುಗುವ ದೇವರ ನಾಮವೇ ಅದು. ಅದರಲ್ಲಿ ಇಷ್ಟೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ತೇಗದ ಪೆಟ್ಟಿಗೆ ನಿಜಕ್ಕೂ ಪಕ್ಕದ ಬೀದಿಯಲ್ಲಿತ್ತು. ಎದುರುಮನೆಯಾಕೆಗೆ ಇಂಥಾದ್ದು ಇದೆ, ನನಗಿಲ್ಲ ಎನ್ನುವ ಉರಿ ಎದೆಯಿಂದ ಎದ್ದು ಗಂಟಲವರೆಗೆ ಬಂದು, ಅಲ್ಲಿ ಕರಗಿಹೋಯಿತು. ಕಣ್ಣು ಮುಚ್ಚಿದೆ.

ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು, ಅದೂ ಮುಗಿಯಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ತೀರಿ ಗುಂಡಿ ಟಕ್ಕೆಂದಾಗ ಕಣ್ಣು ತೆರೆದೆ.

ನಮ್ಮ ಸಾಲಿನ ಹೆಂಗಸರೆಲ್ಲ ಅಲ್ಲಿದ್ದರು. ಕೆಲವರು ಬಾಗಿಲಲ್ಲಿ, ಕೆಲವರು ನೆಲದ ಮೇಲೆ. ಎಲ್ಲರ ಕೈಯಲ್ಲೂ ಉಸಲಿಯ ದೊನ್ನೆ, ಯಾರೂ ಒಂದು ಕಾಳನ್ನೂ ಬಾಯಿಗೆ ಹಾಕಿರಲಿಲ್ಲ. ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಅತ್ತೆಯವರು ಬಾಗಿಲ ಬಳಿ ತುಟಿಯ ಮೇಲೆ ಬೆರಳಿಟ್ಟುಕೊಂಡು, ಒಳಬರುವವರನ್ನು ಸದ್ದು ಮಾಡದಂತೆ ಕೂರಿಸುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನ ಎರಡೂ ನಿಯಮಗಳು ಮೊದಲ ಸಲ ಪಾಲನೆಯಾಗಿದ್ದವು.

ಇಯರ್‌ಫೋನು ತೆಗೆದೆ. ಏನಾಯಿತೆಂದು ಕೇಳಿದೆ. ನನ್ನ ದನಿ ಒಡೆದಿತ್ತು, ಗಂಟಲು ಉರಿಯುತ್ತಿತ್ತು. ಆಗ ಅರ್ಥವಾಯಿತು. ಕಿವಿ ಎರಡೂ ಮುಚ್ಚಿದ್ದರಿಂದ ನನಗೊಬ್ಬಳಿಗೆ ಕೇಳಿಸಿರಲಿಲ್ಲ, ಅಷ್ಟೆ. ಕ್ಯಾಸೆಟ್ಟಿನ ಆ ಮಗ್ಗುಲು ಪೂರ್ತಿ, ಪಲ್ಲವಿ ಚರಣ ಬಿಡದೆ, ಗೊಂಬೆಗಳ ಮುಂದೆ ನಿಂತು, ಪಿಯಾನೋ ಇಲ್ಲದೆ, ಗಟ್ಟಿಯಾಗಿ ಹಾಡಿದ್ದೆ.

"ಕೋಡುಬಳೆ ಕರೀತಿದ್ದವರು ಒಲೆ ಆರಿಸಿ ಓಡಿಬಂದ್ರು ಕಣೇ," ಎಂದರು ಅತ್ತೆಯವರು. "ಯಾರಿಗೆ ಏನಾಯ್ತೋ ಅಂತ."

ಎದುರುಮನೆಯಾಕೆ ಮುಂದೆ ಬಂದು ನನ್ನ ಹಣೆಗೆ ಕುಂಕುಮವಿಟ್ಟು, ತಾಂಬೂಲದ ತಟ್ಟೆಯಲ್ಲಿ ಒಂದು ಜೊತೆ ತೆಂಗಿನಕಾಯಿ ಇಟ್ಟುಕೊಟ್ಟರು. ಆಕೆಯ ಕಣ್ಣಲ್ಲಿ ನೀರಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತು, ಉಸಿರು ತಹಬಂದಿಗೆ ಬಂದ ಮೇಲೆ ಆ ಮಖಮಲ್ಲಿನ ಡಬ್ಬಿಯನ್ನು ನನ್ನ ಕೈಗೇ ಕೊಟ್ಟರು.

"ಭಾನುವಾರ ಇದು ನಿಮ್ಮನೇಲೇ ಇರಲಿ ಮೇಡಂ," ಎಂದರು. "ನೀವು ಹಾಕ್ಕೊಳ್ಳಿ. ನಾವು ಕೇಳ್ತೀವಿ."

ಆ ಭಾನುವಾರ ನಮ್ಮ ನಡುಮನೆಯಲ್ಲಿ ಚಾಪೆ ಸಾಲಲಿಲ್ಲ.